ಚೊಳಚಗುಡ್ಡದಾಕಿ ಎಲ್ಲಿದ್ದಾಳೆ?

“ನಮ್ಮ ಮನ್ಯಾಗ ಹೊರಗಿಂದ ಬಂದವರು ಒಬ್ಬರೂ ಇಲ್ರಿ ಸರ್. ಬೇಕಾದ್ರ ಮಗ್ಗದ ಮ್ಯಾಲ ಕೈಯಿಟ್ಟು ಹೇಳ್ತೇನಿ.”

ಇಳಕಲ್ಲಿನ ನೇಕಾರ ಶಂಕ್ರಪ್ಪ ಹೇಳಿದ್ದಷ್ಟೇ ಅಲ್ಲ, ನಿಜಕ್ಕೂ ಮಗ್ಗದ ಮೇಲೆ ಕೈಯಿಟ್ಟ. ನಾನು ಫಾರ್ಮಿನಲ್ಲಿ ‘ಮೂಲ ನಿವಾಸಿ’ ಎಂದಿದ್ದ ಕಡೆ ರೈಟ್ ಮಾರ್ಕು ಹಾಕಿದೆ. ಅವನಿಗೂ ಸಮಾಧಾನ, ನನಗೂ ಸಮಾಧಾನ. ಆಮೇಲೆ ಅವನು ಒಳಮನೆಯ ಕಡೆ ಕತ್ತು ತಿರುಗಿಸಿ ಕೂಗಿದ.

“ಏ ಗುಡೂರಾಕಿ, ಸರ್‌ಗೆ ಚಾ ತಾ!”

ಒಳಗಿನಿಂದ ಉತ್ತರ ಬಂತು: “ಅಮೀನಗಡದಾಕಿ ಮಾಡಾಕತ್ತಾಳ, ತಡೀರಿ!”

ನನ್ನ ಪೆನ್ನು ಅಲ್ಲೇ ನಿಂತಿತು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಮನೆಗೆ ಬಂದ ಸೊಸೆಯನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. ತವರೂರು ಹಿಡಿದು ಕರೆಯುತ್ತಾರೆ. ಗುಡೂರಿನಿಂದ ಬಂದರೆ ಗುಡೂರಾಕಿ. ಅಮೀನಗಡದಿಂದ ಬಂದರೆ ಅಮೀನಗಡದಾಕಿ. ಮೊಮ್ಮಕ್ಕಳಾದರೂ ಆ ಊರು ಆಕೆಯನ್ನು ಬಿಡುವುದಿಲ್ಲ. ಇದನ್ನೆಲ್ಲ ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಆದರೆ ಆವತ್ತು, ಕೈಯಲ್ಲಿ ‘ಹೊರಗಿನಿಂದ ಬಂದವರು ಯಾರು?’ ಎಂಬ ಫಾರ್ಮ್ ಹಿಡಿದು ಕೂತಾಗ, ಮೊದಲ ಸಲ ಕೇಳಿಸಿಕೊಂಡೆ.

ನಾನು ಅಲ್ಲಿಗೆ ಹೋಗಿದ್ದೇಕೆ ಎಂದು ಕೇಳುತ್ತೀರಾ? ದೂರದ ಊರಿನ ಒಬ್ಬ ಪ್ರೊಫೆಸರ್ ನಮ್ಮ ಕಡೆಯ ವಲಸೆಯ ಬಗ್ಗೆ ಅಧ್ಯಯನ ಮಾಡುತ್ತಿದ್ದಾರೆ. ಒಳ್ಳೆಯವರು, ಪತ್ರಕ್ಕೆ ತಪ್ಪದೆ ಉತ್ತರ ಬರೆಯುತ್ತಾರೆ. ಬಾಗಲಕೋಟೆಯಲ್ಲಿ ಇತಿಹಾಸ ಕಲಿಸುವ ಮೇಷ್ಟ್ರು ದೀಪಾವಳಿ ರಜೆಯಲ್ಲಿ ಸುಮ್ಮನೆ ಕೂತಿರುತ್ತಾನೆ ಎಂದು ಅವರಿಗೆ ಯಾರು ಹೇಳಿದರೋ, ಒಂದು ಕಟ್ಟು ಫಾರ್ಮ್ ಕಳಿಸಿಬಿಟ್ಟರು. ಮೂಲ ಊರು ಯಾವುದು? ಯಾವಾಗ ಬಂದಿರಿ? ಯಾಕೆ ಬಂದಿರಿ? ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ: ‘ಮದುವೆಯಾಗಿ ಬಂದವರನ್ನು ವಲಸಿಗರೆಂದು ಪರಿಗಣಿಸಬಾರದು.’

ನನಗೂ ಅದು ಸರಿಯೆಂದೇ ಕಂಡಿತ್ತು. ಮದುವೆ ಅಂದರೆ ಮದುವೆ. ವಲಸೆ ಅಂದರೆ ವಲಸೆ. ಅಲ್ಲವೇ?

ಮೊದಲು ಕೆರೂರಿಗೆ ಹೋಗಿ ಸೊಲ್ಲಾಪುರದ ಗಿರಣಿಗಳಿಂದ ವಾಪಸು ಬಂದವರನ್ನು ಮಾತಾಡಿಸಿದೆ. ಎರಡು ವಾರ ಬಿಟ್ಟು ಇಳಕಲ್ಲಿಗೆ ಬಂದೆ. ಇಳಕಲ್ಲಿನಲ್ಲಿ ನನಗೆ ಸಿಕ್ಕ ಗಂಡಸರೆಲ್ಲ ಮೂಲ ನಿವಾಸಿಗಳೇ! ಬಂದವರು ಯಾವಾಗಲೂ ಪಕ್ಕದ ಮನೆಯವರು. ಶಂಕ್ರಪ್ಪ, “ಬಾಜೂ ಮನಿ ಮೌಲಾಸಾಬ್ರನ್ನ ಕೇಳ್ರಿ, ಅವರು ಬಂದವರು” ಎಂದ. ಮಗ್ಗ ರಿಪೇರಿ ಮಾಡುವ ಬಡಗಿ ಮೌಲಾಸಾಬರು ಗೋಡೆಯ ಆಚೆಯಿಂದಲೇ ಬಾಯಿ ಹಾಕಿದರು.

“ಏನ್ ಮಾತಾಡ್ತೀಲೇ ಶಂಕ್ರ್ಯಾ! ನಿಮ್ಮ ಮುತ್ಯಾ ಗಂಟು ಹೊತ್ಕೊಂಡು ಬಂದಾಗ ಮಗ್ಗಕ್ಕ ಕುಣಿ ತೋಡಿ ಕೊಟ್ಟಾಂವ ನಮ್ಮ ಮುತ್ಯಾ!”

“ಹಂಗಾರ ನಿಮ್ಮ ಮುತ್ಯಾ ಎಲ್ಲಿಂದ ಬಂದಿದ್ದ?”

“ಎಲ್ಲಿಂದನೂ ಇಲ್ಲ. ಅಂವ ಇಲ್ಲೇ ಇದ್ದ!”

ಇಬ್ಬರೂ ನಕ್ಕರು. ಜಗಳವೇನಲ್ಲ, ದಿನದ ಚಹಾದ ಜೊತೆಗಿನ ಮಾತು. ನಾನು ಮಾತ್ರ ಯಾರಿಗೆ ಯಾವ ಮಾರ್ಕು ಹಾಕುವುದೆಂದು ತಲೆ ಕೆರೆದುಕೊಳ್ಳುತ್ತಿದ್ದೆ.

ಆಗ ಮೂಲೆಯಲ್ಲಿ ಇಷ್ಟು ಹೊತ್ತೂ ತಲೆಯೆತ್ತದೆ ಕೂತಿದ್ದ ಹೆಣ್ಣುಮಗಳು ಮಾತಾಡಿದಳು. ಶಂಕ್ರಪ್ಪನ ತಾಯಿ ಗಂಗವ್ವ. ಐವತ್ತು ದಾಟಿದ ಜೀವ. ಇಳಕಲ್ ಸೀರೆ ಉಟ್ಟವರಿಗೆಲ್ಲ ಅದರ ಕೆಂಪು ಸೆರಗು ಗೊತ್ತು. ಆ ಸೆರಗಿನ ಉದ್ದೆಳೆಗಳ ಹಾಸು ಬೇರೆ, ಸೀರೆಯ ಮೈಯ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಜೋಡಿಸಬೇಕು. ಪ್ರತಿಯೊಂದು ಸೀರೆಗೂ ಹೊಸದಾಗಿ ಇದೇ ಕೆಲಸ. ಗಂಗವ್ವ ಕೂತು ಅದನ್ನೇ ಮಾಡುತ್ತಿದ್ದಳು.

“ಬಂದವರನ್ನ ಬರಕೊಳ್ಳಾಕ ಬಂದೀರೇನ್ರಿ? ಹಂಗಾರ ನನ್ನ ಬರಕೋರಿ. ನಾ ಬಂದೀನಿ.”

“ಯವ್ವಾ, ನೀ ಸುಮ್ಮನಿರು ಬೇ,” ಎಂದ ಮಗ.

“ಯಾಕ ಸುಮ್ಮನಿರ್ಲಿ? ಹದಿಮೂರು ವರ್ಷದಾಕಿ ಇದ್ದಾಗ ಚೊಳಚಗುಡ್ಡದಿಂದ ಬಂದೀನಿ. ಯಾಕ ಬಂದಿ ಅಂತ ಒಬ್ಬರರ ಕೇಳ್ಯಾರೇನು? ಇವತ್ತ ಒಬ್ಬ ಮನಷ್ಯಾ ಕಾಗದ ಹಿಡಕೊಂಡು ಕೇಳಾಕ ಬಂದಾನ, ಬರಸ್ತೇನಿ.”

ಸೂಚನೆ ನೆನಪಿತ್ತು. ಆದರೂ ಬರೆಯುವಂತೆ ನಟಿಸಿದೆ. (ಮೇಷ್ಟ್ರಿಗೆ ಈ ನಟನೆ ಚೆನ್ನಾಗಿ ಬರುತ್ತದೆ.) ಹೆಸರು ಕೇಳಿದೆ.

“ಇಲ್ಲೀದು ಹೇಳ್ಲೋ, ಅಲ್ಲೀದು ಹೇಳ್ಲೋ?”

ತವರಿನಲ್ಲಿ ಆಕೆ ನೀಲವ್ವ. ಆದರೆ ಇಲ್ಲಿ ಅತ್ತೆಯ ಹೆಸರೂ ನೀಲವ್ವ. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಗದರಿಸುವುದು ಹೇಗೆ? ಅಕ್ಷತೆ ಬಿದ್ದ ದಿನವೇ ಗಂಗವ್ವ ಅಂದರು. ಆಯಿತು. ಶಂಕ್ರಪ್ಪ ಬಾಯಿ ತೆರೆದುಕೊಂಡು ಕೂತಿದ್ದ. ತಾಯಿಗೆ ಇನ್ನೊಂದು ಹೆಸರಿತ್ತು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅಜ್ಜನ ಮಗ್ಗಕ್ಕೆ ಕುಣಿ ತೋಡಿದ್ದು ಯಾರು ಎಂಬುದು ಮಾತ್ರ ಗೊತ್ತಿತ್ತು.

“ನನ್ನ ಹೆಸರು ಹೋದ್ರ ಹೋಗ್ಲಿ ಬಿಡ್ರಿ,” ಎಂದಳು ಗಂಗವ್ವ. “ನನ್ನ ತಂಗೀ ಹೆಸರು ಹೋತು. ಅದರ ಜೋಡಿ ತಂಗೀನೂ ಹೋದ್ಲು.”

ತಂಗಿ ಪಾರವ್ವ. ಅಪ್ಪ ಅವ್ವ ಬೇಗ ತೀರಿಕೊಂಡರು. ಸೋದರಮಾವ ಇಬ್ಬರನ್ನೂ ಸಾಕಿದ, ಇಬ್ಬರನ್ನೂ ಕೊಟ್ಟ. ತಂಗಿಯ ಮದುವೆಯ ಹೊತ್ತಿಗೆ ಗಂಗವ್ವ ಬಾಣಂತಿ, ಹೋಗಲಾಗಲಿಲ್ಲ. ‘ಕೆರೂರ ಕಡೆ ಕೊಟ್ಟಿದ್ದೇವೆ, ಮನೆಯವರು ಸೊಲ್ಲಾಪುರಕ್ಕೆ ಹೋಗುತ್ತಾರಂತೆ’ ಎಂದು ಯಾರೋ ಬಂದು ಹೇಳಿದರು. ಆಮೇಲೆ ಮಾವನೂ ತೀರಿಕೊಂಡ. ಆ ಮನೆಯ ಬಾಗಿಲು ಮುಚ್ಚಿತು. ತಂಗಿಗೆ ಗಂಡನ ಮನೆಯಲ್ಲಿ ಏನು ಹೆಸರಿಟ್ಟರೋ ಗೊತ್ತಿಲ್ಲ. ನಲವತ್ತು ವರ್ಷದಿಂದ ಆ ಕಡೆ ಹೋಗುವವರಿಗೆಲ್ಲ ಪಾರವ್ವ, ಪಾರವ್ವ ಎಂದು ಹೇಳಿ ಕಳಿಸಿದ್ದಾಳೆ. ಆ ಹೆಸರಿನವರು ಯಾರೂ ಇಲ್ಲ ಎಂದು ಎಲ್ಲರೂ ವಾಪಸು ಬಂದಿದ್ದಾರೆ. ಎಲ್ಲಿಂದ ಇರುತ್ತಾರೆ?

ಇಷ್ಟು ಕೇಳುವಾಗ ನನಗೆ ಕೆರೂರಿನ ಒಂದು ಮನೆ ನೆನಪಾಯಿತು. ಗಿರಣಿ ಕಾರ್ಮಿಕ ಸಂಗಪ್ಪನ ಕತೆಯನ್ನು ನಾನು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದೆ. ಗಿರಣಿಯ ಯಾವ ಖಾತೆ, ಯಾವ ಪಾಳಿ, ಚಾಳಿನ ಒಂದು ಕೋಣೆಯಲ್ಲಿ ಎಷ್ಟು ಜನ. ಅಷ್ಟರಲ್ಲಿ ಆಚೆ ಮನೆಯಿಂದ ಒಬ್ಬಳು ಕೂಗಿದಳು: “ಏ ಚೊಳಚಗುಡ್ಡದಾಕಿ, ಮೊರ ಕೊಡ ಬೇ!” ಸಂಗಪ್ಪನ ಹೆಂಡತಿ ಎದ್ದು ಮೊರ ಕೊಟ್ಟು ಬಂದು ಮತ್ತೆ ಗೋಡೆಗೆ ಒರಗಿ ಕೂತಳು. ನಾನು ಆಕೆಯನ್ನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಫಾರ್ಮಿನಲ್ಲಿ ಆಕೆ ಇರುವುದು ಹೀಗೆ: ‘ಪತ್ನಿ: ಇದ್ದಾರೆ.’

ನಾಚಿಕೆಯಾಯಿತು. ಎರಡು ದಶಕ ಇತಿಹಾಸ ಕಲಿಸಿದವನು ನಾನು. ಎದುರಿಗೇ ಕೂತಿದ್ದವಳನ್ನು ಬಿಟ್ಟು ಬಂದಿದ್ದೆ.

ಹೇಳಲೋ ಬೇಡವೋ ಎಂದು ಒದ್ದಾಡಿ ಕೊನೆಗೆ ಗಂಗವ್ವನಿಗೆ ಹೇಳಿಬಿಟ್ಟೆ. ಆಕೆ ಕೈಯಲ್ಲಿದ್ದ ಎಳೆಗೆ ಕೊಂಡಿ ಹಾಕಿ ಮುಗಿಸಿದಳು. ಆಮೇಲೆ ಕೇಳಿದಳು: “ಎಂದ ಹೋಗೂಣ್ರಿ?”

“ಈಗ್ಯಾಕ ಬೇ, ಇಷ್ಟ ವರ್ಷ ಆದಮ್ಯಾಲ?” ಎಂದ ಶಂಕ್ರಪ್ಪ. ಗಂಗವ್ವ ಅವನ ಕಡೆ ನೋಡಲೂ ಇಲ್ಲ.

ಕಳೆದ ತಿಂಗಳು ಒಂದು ಭಾನುವಾರ ಹೋದೆವು. ತಾಯಿ, ಮಗ ಇಳಕಲ್ಲಿನಿಂದ ಬಂದರು, ನಾನು ಬಾಗಲಕೋಟೆಯಲ್ಲಿ ಜೊತೆಯಾದೆ. ಗಂಗವ್ವ ಮಡಿಲಲ್ಲಿ ಒಂದು ಚೀಲ ಇಟ್ಟುಕೊಂಡಿದ್ದಳು. ತಂಗಿಗೆ ಉಡಿ ತುಂಬಲು ಕುಬುಸದ ಖಣ, ತೆಂಗಿನಕಾಯಿ, ಹಿಡಿ ಅಕ್ಕಿ. ಬಸ್ಸು ಕುಲುಕಿದಾಗಲೆಲ್ಲ ಕಾಯಿ ಒಡೆದೀತೆಂದು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದಳು. ದಾರಿಯುದ್ದಕ್ಕೂ ಒಂದೇ ಪ್ರಶ್ನೆ: “ಬಲಗಡೆ ಗದ್ದದ ಮ್ಯಾಲ ಮಚ್ಚಿ ಇತ್ತೇನ್ರಿ ಆಕಿಗೆ?” ನಾನು ಎಲ್ಲಿ ನೋಡಿದ್ದೆ? ನಾನು ಚಾಳು ಎಣಿಸುತ್ತಿದ್ದೆನಲ್ಲ.

ಸಂಗಪ್ಪನ ಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ಎದುರುಬದುರು ನಿಂತರು. ಗಂಗವ್ವ ಆಕೆಯ ಗದ್ದ ನೋಡಿದಳು. ಮಚ್ಚೆ ಇರಲಿಲ್ಲ.

“ನೀ ಪಾರಿ ಅಲ್ಲ,” ಎಂದಳು.

“ಅಲ್ರಿ. ಇಲ್ಲಿ ನನಗ ಶಿವವ್ವ ಅಂತಾರ. ಅಲ್ಲಿ ನಾ ದ್ಯಾಮವ್ವ,” ಎಂದಳು ಆಕೆ. ಇನ್ನೇನು ನಾವು ತಿರುಗಬೇಕು, ಅಷ್ಟರಲ್ಲಿ ಆಕೆ ಗಂಗವ್ವನ ಮುಖವನ್ನೇ ನೋಡುತ್ತ ಹತ್ತಿರ ಬಂದಳು. “ತಡಿ. ನೀ ನಮ್ಮೂರ ಬನಶಂಕರಿ ಹೊಂಡದ ಕಟ್ಟಿ ಮ್ಯಾಲ ಮೊಸರು ಮಾರ್ತಿದ್ಲಲ್ಲ ಹನಮವ್ವ, ಆಕಿ ಮಗಳಲ್ಲೇನು? ಎಡಗೈಲೆ ಮೊಸರು ಹಾಕ್ತಿದ್ಲಲ್ಲ?”

ಗಂಗವ್ವ ಹೊಸ್ತಿಲ ಮೇಲೆಯೇ ಕುಸಿದು ಕೂತು ಅತ್ತಳು. ಶಿವವ್ವನೂ ಅತ್ತಳು. ಶಂಕ್ರಪ್ಪ ಗೋಡೆಯ ಕಡೆ ತಿರುಗಿ ನಿಂತ. ನನ್ನ ಕಣ್ಣಲ್ಲೂ ನೀರು ಬಂತು, ಮುಚ್ಚಿಡುವುದೇನಿದೆ?

ಸಂಜೆಯವರೆಗೆ ಇಬ್ಬರೂ ಮಾತಾಡಿದರು. ಯಾವ ಓಣಿ, ಯಾವ ಬಾವಿ, ರೊಟ್ಟಿ ಬುಟ್ಟಿ ಹೊತ್ತು ಗುಡಿಗೆ ಹೋಗುತ್ತಿದ್ದವರು ಯಾರ್‍ಯಾರು. ಸಂಗಪ್ಪ, ಶಂಕ್ರಪ್ಪ, ನಾನು ಮೂವರು ಮೂಲ ನಿವಾಸಿಗಳು ಹೊರಗೆ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆವು. ಒಳಗೆ ಒಂದು ಊರೇ ನಡೆದಿತ್ತು.

ಪಾರವ್ವನ ಸುದ್ದಿಯೂ ಸಿಕ್ಕಿತು, ಅರ್ಧ. ಸೊಲ್ಲಾಪುರದಲ್ಲಿ ಎರಡು ವರ್ಷ ಆಕೆ ಶಿವವ್ವನ ಚಾಳಿನಲ್ಲೇ ಇದ್ದಳಂತೆ. ಗಂಡನ ಗಿರಣಿ ಕೆಲಸ ಹೋಯಿತು. ಮನೆ ಕಟ್ಟುವ ಕೆಲಸಕ್ಕೆಂದು ಗೋವಾಕ್ಕೆ ಹೋದರಂತೆ. ಎರಡು ಮಕ್ಕಳು.

ಗಂಡನ ಮನೆಯಲ್ಲಿ ಆಕೆಗೆ ಏನು ಹೆಸರಿಟ್ಟಿದ್ದರು ಎಂದು ಕೇಳಿದೆ.

“ನಾ ಪಾರಿ ಅಂತನ ಕರೀತಿದ್ದೆ. ತವರೂರಾಕಿ ಸಿಕ್ಕಾಳ, ಅತ್ತೀಮನಿ ಹೆಸರು ನಾ ಯಾಕ ಕೇಳ್ಲಿ?”

ಗಂಡನ ಹೆಸರು?

“ಅಯ್ಯ, ಗಂಡನ ಹೆಸರು ಆಕಿ ಹೇಳ್ತಾಳೇನ್ರಿ? ಮಂದಿ ಅವಗ ಬಾದಾಮಿಯಾಂವ ಅಂತಿದ್ರು, ನಮ್ಮ ಮನಿಯವ್ರೂ ಹಂಗ ಕರೀತಿದ್ರು.”

ನೋಡಿ, ಊರು ಬಿಟ್ಟ ಕೂಡಲೇ ಗಂಡಸಿಗೂ ಇದೇ ಗತಿ! ಅವನಿಗೆ ಆಗಿದ್ದು ಸೊಲ್ಲಾಪುರದಲ್ಲಿ, ಅವನ ಹೆಂಡತಿಗೆ ಆಗಿದ್ದು ಮದುವೆಯ ಚಪ್ಪರದಲ್ಲಿ. ವ್ಯತ್ಯಾಸ ಅಷ್ಟೇ.

ಹೊರಡುವಾಗ ಗಂಗವ್ವ ಚೀಲ ಬಿಚ್ಚಿ ಶಿವವ್ವನ ಉಡಿ ತುಂಬಿದಳು. ತಂಗಿಗೆಂದು ತಂದ ಖಣ, ಕಾಯಿ, ಅಕ್ಕಿ. ಬಸ್ಸಿನಲ್ಲಿ ನಾನು ಏನಾದರೂ ಸಮಾಧಾನ ಹೇಳೋಣವೆಂದು ಬಾಯಿ ತೆರೆದರೆ, ಆಕೆಯೇ ಹೇಳಿದಳು.

“ಪಾರಿ ಸಿಗಲಿಲ್ಲ, ಖರೆ. ಆದ್ರ ನಮ್ಮವ್ವನ ಹೆಸರು ಇನ್ನೊಬ್ಬರ ಬಾಯಾಗ ಕೇಳಿ ನಲವತ್ತು ವರ್ಷ ಆಗಿತ್ರಿ.”

ಮಾರನೆಯ ದಿನವೇ ಪ್ರೊಫೆಸರರಿಗೆ ಉದ್ದ ಪತ್ರ ಬರೆದೆ. ‘ಆ ಸೂಚನೆಯನ್ನು ತೆಗೆದುಹಾಕಿ ಸ್ವಾಮಿ. ನಾವು ಗಂಡಸರನ್ನು ಕೇಳಿದರೆ ಅವರು ನೆಟ್ಟ ಕಲ್ಲಿನ ಹಾಗೆ ಇಲ್ಲೇ ಇದ್ದೆವು ಎನ್ನುತ್ತಾರೆ. ಹೋದವರ, ಬಂದವರ ಚರಿತ್ರೆ ಅಡುಗೆಮನೆಯಲ್ಲಿದೆ, ದಿನಕ್ಕೆ ಹತ್ತು ಸಲ ಕೂಗಿ ಕರೆಯುತ್ತಾರೆ, ನಮಗೇ ಕೇಳಿಸುವುದಿಲ್ಲ’ ಎಂದೆಲ್ಲ. ಎಂದಿನಂತೆ ತಪ್ಪದೆ ಉತ್ತರ ಬಂತು. ‘ತುಂಬ ಹೃದಯಸ್ಪರ್ಶಿ. ಆದರೆ ನಮ್ಮ ವಿಷಯಕ್ಕೆ ಸಂಬಂಧಪಟ್ಟದ್ದಲ್ಲ.’

ಹಾಗಾದರೆ ಯಾರ ವಿಷಯಕ್ಕೆ ಸಂಬಂಧಪಟ್ಟದ್ದು? ಸಿಟ್ಟು ಬಂತು. ಈಗಲೂ ಇದೆ.

ನಮ್ಮ ಬಾಗಲಕೋಟೆಯವರು ಕೂಡ ಇದನ್ನು ಸ್ವಲ್ಪ ಯೋಚಿಸಬೇಕು. ಅಣೆಕಟ್ಟಿನ ನೀರು ಬರುತ್ತದೆ, ಊರು ಬಿಡಬೇಕು ಎಂದು ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ! ನಮ್ಮ ಕಟ್ಟೆಗಳ ಮೇಲೆ ಈಗ ಬೇರೆ ಮಾತೇ ಇಲ್ಲ. ಹುಟ್ಟಿದ ಮನೆ ಬಿಟ್ಟು ಹೇಗೆ ಬದುಕುವುದು ಎಂದು ಗಂಡಸರು ನಿಟ್ಟುಸಿರು ಬಿಡುತ್ತಾರೆ. ಒಳಗಿರುವವರನ್ನು ಕೇಳಿ. ಅವರಿಗೆ ಅದರ ಅನುಭವ ಇದೆ.

ಇಷ್ಟೆಲ್ಲ ಜ್ಞಾನೋದಯವಾದ ಮೇಲೆ ಮನೆಯಲ್ಲಿ ಸುಮ್ಮನಿರಲಾದೀತೆ? ನನ್ನ ಹೆಂಡತಿಗೆ ಸುಧಾ ಎಂದು ಹೆಸರಿಟ್ಟವನು ನಾನೇ. ಮದುವೆ ಗೊತ್ತಾದ ಕೂಡಲೇ ಬಹಳ ಹೆಮ್ಮೆಯಿಂದ ಇಟ್ಟಿದ್ದೆ. ಮೊದಲಿನ ಹೆಸರು ಒಮ್ಮೆ ಕೇಳಿದ್ದೆ, ಮರೆತಿದ್ದೆ. ಲಗ್ನಪತ್ರಿಕೆ ಹುಡುಕಿದೆ. ನಮ್ಮ ಕಡೆಯವರು ಅದರಲ್ಲಿ ಹೊಸ ಹೆಸರನ್ನೇ ಅಚ್ಚು ಹಾಕಿಸಿದ್ದರು. ಕೊನೆಗೆ ರೊಟ್ಟಿ ಬಡಿಯುತ್ತಿದ್ದವಳ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ.

ಆಕೆ ತಲೆಯೆತ್ತದೆ ಅಂದಳು: “ಯಾಕ್ರಿ, ಫಾರ್ಮ್ ತಂದೀರೇನು?”

ಇನ್ನೂ ಹೇಳಿಲ್ಲ. ಹೇಳುವವರೆಗೆ ಕಾಯುತ್ತೇನೆ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ಬಾದಾಮಿ, ಹುನಗುಂದ ಕಡೆಯಿಂದ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿಬರುವವರು ನಿಮ್ಮ ಓಣಿಯಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಇದನ್ನು ಓದಿ ಹೇಳಿ. ಹುಡುಕಬೇಕಾದವಳಿಗೆ ಐವತ್ತರ ಆಸುಪಾಸು, ಗದ್ದದ ಬಲಗಡೆ ಮಚ್ಚೆ. ತಾಯಿ ಹನಮವ್ವ, ಹೊಂಡದ ಕಟ್ಟೆಯ ಮೇಲೆ ಎಡಗೈಯಿಂದ ಮೊಸರು ಹಾಕುತ್ತಿದ್ದವಳು. ಅಕ್ಕ ನೀಲವ್ವ ಇಳಕಲ್ಲಿನಲ್ಲಿ ಸೆರಗು ಜೋಡಿಸುತ್ತಾಳೆ, ಗಟ್ಟಿಯಾಗಿದ್ದಾಳೆ, ಇನ್ನೊಂದು ಖಣ ತೆಗೆದಿಟ್ಟಿದ್ದಾಳೆ. ಗೋವಾದಲ್ಲಿ ತಂಗಿಯ ಹೆಸರು ಏನೋ ನಮಗೆ ಗೊತ್ತಿಲ್ಲ. ಆದ್ದರಿಂದ ಇಟ್ಟಿಗೆ ಹೊರುವ, ಒಲೆ ಮುಂದೆ ಕೂತ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಬೇಕು: ತವರಿನಲ್ಲಿ ನಿನ್ನನ್ನು ಏನೆಂದು ಕರೆಯುತ್ತಿದ್ದರು?

ಕೇಳಿ ಅಭ್ಯಾಸವಿಲ್ಲದಿದ್ದರೆ, ಇವತ್ತು ನಿಮ್ಮ ಮನೆಯಿಂದಲೇ ಶುರು ಮಾಡಿ.