ಕಲೀಚಾ ನೀರಿನ ರಭಸ ತಗ್ಗಿಸಿದ ದಿನ

ಕೊಚ್ಕೋರ್ ಪೇಟೆ ಇನ್ನೂ ಹೊದ್ದು ಮಲಗಿರುವಾಗಲೇ ಬಜಾರಿನ ಹಿಂದೆ ಕಾರ್ಪೆಟ್ ತೊಳೆಯುವ ಸಿಮೆಂಟ್ ಅಂಗಳದಲ್ಲಿ ಪಂಪು ಗುರುಗುಟ್ಟಲು ಶುರುಮಾಡುತ್ತದೆ. ಕಾಲಿಗೆ ರಬ್ಬರ್ ಬೂಟು, ಮೈಮೇಲೆ ಗಂಡಸರ ಹಳೆಯ ಕೋಟು, ತಲೆಗೆ ಬಿಗಿದು ಕಟ್ಟಿದ ಹೂವಿನ ವಸ್ತ್ರ. ಕಲೀಚಾ ಬಗ್ಗಿ ಪಂಪಿನ ನೆತ್ತಿಯ ಮೇಲಿರುವ ತಿರುಪನ್ನು ಹಿಡಿಯುತ್ತಾರೆ. ಪಕ್ಕದಲ್ಲಿ ಒತ್ತಡ ತೋರಿಸುವ ಮುಳ್ಳೊಂದಿದೆ. ಅದು ಕೆಟ್ಟು ಯಾವ ಕಾಲವಾಯಿತೋ. ಅವರು ನೀರಿನ ಧಾರೆಯನ್ನು ತಮ್ಮ ಬೂಟಿನ ತುದಿಗೇ ಬಿಟ್ಟುಕೊಳ್ಳುತ್ತಾರೆ. ಒಳಗಿರುವ ಹೆಬ್ಬೆರಳಿಗೆ ಎಷ್ಟು ಒತ್ತಿತು ಎಂಬುದೇ ಅವರ ಲೆಕ್ಕ. ತುಸು ತಿರುಗಿಸಿ, ಮತ್ತೊಮ್ಮೆ ಬೂಟಿಗೆ ಬಿಟ್ಟು ನೋಡಿ, ಆಮೇಲೆಯೇ ನೆಲಕ್ಕೆ ಹಾಸಿದ ಕಾರ್ಪೆಟ್ಟಿನತ್ತ ನಡೆಯುತ್ತಾರೆ.

"ಕಾರ್ಖಾನೆ ಕಾರ್ಪೆಟ್ಟಿಗೆ ಚರ್ಮ ದಪ್ಪ. ಎಷ್ಟು ಬಡಿದ್ರೂ ತಡ್ಕೊಳ್ಳುತ್ತೆ," ಎನ್ನುತ್ತಾರೆ ಕಲೀಚಾ. "ಉಣ್ಣೇದು ಹಂಗಲ್ಲ. ಜೋರಾಗಿ ಬಿಟ್ರೆ ಎದ್ದು ಬಂದ್ಬಿಡುತ್ತೆ. ಒಂದ್ಸಲ ಎದ್ದಿದ್ದು ಮತ್ತೆ ಕೂರಲ್ಲ."

ಅಂಗಳದ ಯಜಮಾನ ಎಸೆನ್‌ಗೆ ಈ ತಿರುಗಿಸಾಟ ಕಂಡರೆ ತಮಾಷೆ. "ಅಕ್ಕ ಆ ತಿರುಪು ಬಿಡೋ ಹೊತ್ತಿಗೆ ನಾನು ಒಂದು ಮಂದೆ ಕುರಿಗೇ ಸ್ನಾನ ಮಾಡಿಸಿರ್ತೀನಿ," ಎಂದು ರೇಗಿಸುತ್ತಾನೆ. "ಮಾಡ್ಸಪ್ಪ. ಕುರಿಗಾದ್ರೂ ಓಡೋಕೆ ಕಾಲಿದೆ, ಕಾರ್ಪೆಟ್ಟಿಗೆ ಇಲ್ವಲ್ಲ," ಎಂದು ಕಲೀಚಾ ತಿರುಗಿ ಉತ್ತರ ಕೊಡುತ್ತಾರೆ. ಅವರ ಇಡೀ ದಿನದ ಮಾತುಕತೆ ಬಹುತೇಕ ಇಷ್ಟೇ. ಎಸೆನ್ ಕಾರ್ಪೆಟ್ ತರಲು ಗಾಡಿ ಹತ್ತಿ ಹೋದ ಮೇಲೆ ಉಳಿಯುವುದು ಪಂಪಿನ ಸದ್ದು ಮಾತ್ರ. ಬೇಲಿಯಾಚೆ ಯಾರಾದರೂ ಕೂಗಿ ಕರೆದರೂ ಅವರಿಗೆ ಕೇಳಿಸುವುದಿಲ್ಲ. ಮಧ್ಯಾಹ್ನ ಬಕೆಟ್ ಬೋರಲು ಹಾಕಿ ಕುಳಿತು, ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಾರೆ. ಆಗ ಪಂಪು ಸುಮ್ಮನಿರುತ್ತದೆ. ಆ ಹೊತ್ತೇ ಹೆಚ್ಚು ಕಷ್ಟ ಎನ್ನುತ್ತಾರೆ.

ಮೊದಲು ಹೀಗಿರಲಿಲ್ಲ. ಕಲೀಚಾ ಕೈ ಪಳಗಿದ್ದು ಶಿರ್ದಾಕ್ ಮಾಡುವುದರಲ್ಲಿ. ಎರಡು ಬಣ್ಣದ ದಪ್ಪ ಉಣ್ಣೆ ಹಾಳೆಗಳಲ್ಲಿ ಟಗರಿನ ಕೊಂಬಿನ ಚಿತ್ತಾರ ಕತ್ತರಿಸಿ, ಒಂದರೊಳಗೊಂದು ಕೂರಿಸಿ ಹೊಲಿಯುವ ಹಾಸು ಅದು. ಉಣ್ಣೆ ಬಡಿಯಲು, ಬಿಸಿನೀರು ಹೊಯ್ಯಲು, ಸುತ್ತಿ ತುಳಿಯಲು ಕೇರಿಯ ಹೆಂಗಸರೆಲ್ಲ ಬೇಕು. ನಗು, ಚಾಡಿ, ಜಗಳ ಎಲ್ಲವೂ ಅದರೊಳಗೇ ಸೇರಿ ಗಟ್ಟಿಯಾಗುತ್ತವೆ. ತೊಳೆಯಲು ಮಾತ್ರ ಒಬ್ಬರು ಸಾಕು. ಈ ಕೆಲಸದ ದೊಡ್ಡ ದುಃಖವೇ ಅದು.

ಮದುವೆಗೆ ಮುಂಚೆ ಅವರು ತಮ್ಮ ಬಳುವಳಿಗೆಂದು ಒಂದು ದೊಡ್ಡ ಶಿರ್ದಾಕ್ ಮಾಡಿದ್ದರು. ಹೊಲಿಗೆಗೇ ಇಡೀ ಚಳಿಗಾಲ ಹಿಡಿಯಿತು. ಅದನ್ನು ಹೊತ್ತು ಶಾರ್ಶೆನ್ ಎಂಬವನ ಮನೆ ತುಂಬಿದರು. ಮಕ್ಕಳಾಗಲಿಲ್ಲ. ಅತ್ತೆಯ ಚುಚ್ಚುಮಾತು ತಾಳಲಾರದೆ ಒಂದು ದಿನ ಕೈಚೀಲ ಹಿಡಿದು ಹೊರಬಿದ್ದರು. ಸಂಬಂಧ ಮುರಿದರೆ ಬಳುವಳಿ ಹೆಣ್ಣಿನ ಜೊತೆ ತವರಿಗೆ ಮರಳಬೇಕು, ಅಣ್ಣಂದಿರು ಹೋಗಿ ತರಬೇಕು. ಕಲೀಚಾರ ಅಣ್ಣಂದಿರು ಮಾನಕ್ಕೆ ಅಂಜಿ ಹೋಗಲೇ ಇಲ್ಲ. ಶಾರ್ಶೆನ್ ಬೇರೆ ಮದುವೆಯಾದ, ಅವನ ಮಗನೂ ದೊಡ್ಡವನಾದ. ಶಿರ್ದಾಕ್ ಅಲ್ಲೇ ಉಳಿಯಿತು.

"ಊರಿನ ಹಾಸೆಲ್ಲ ಒಂದಲ್ಲ ಒಂದು ದಿನ ನನ್ನ ಕಾಲ ಬುಡಕ್ಕೇ ಬರ್ಬೇಕು. ಬರುತ್ತೆ ಅಂತ ಕಾಯ್ತಾನೇ ಇದ್ದೆ," ಎನ್ನುತ್ತಾರೆ ಕಲೀಚಾ.

ಕುರಿ ಬಲಿ ಕೊಡುವ ಕುರ್ಮಾನ್ ಹಬ್ಬದ ಹಿಂದಿನ ವಾರ ಅದು ಬಂದೇ ಬಿಟ್ಟಿತು. ತಂದವಳು ಬಿಳಿ ತಲೆವಸ್ತ್ರದ ಹೊಸ ಸೊಸೆ, ಶಾರ್ಶೆನ್‌ನ ಮಗನ ಹೆಂಡತಿ ಜಿಪಾರ್. ಆತ್‌ಬಾಶಿ ಕಡೆಯ ಹುಡುಗಿ, ಈ ಊರಿನ ಹಳೆಯ ಕತೆಗಳು ಅವಳಿಗೆ ತಿಳಿಯವು.

"ಅಕ್ಕ, ಇದು ನಮ್ಮ ಮನೆಯವರ ಅಜ್ಜಿ ಕೈಯಾರೆ ಮಾಡಿದ್ದಂತೆ. ಹಬ್ಬಕ್ಕೆ ನೆಂಟರೆಲ್ಲ ಬರ್ತಾರೆ, ಕೊಳೆ ಕಾಣಬಾರ್ದು. ಪೂರ್ತಿ ಜೋರಾಗಿ ಬಿಡಿ," ಎಂದು ಸುರುಳಿ ಇಳಿಸಿ ಹೋದಳು.

ಕಲೀಚಾ ಸುರುಳಿ ಬಿಚ್ಚಿದರು. ಹೊಲಿಗೆಗಳೆಲ್ಲ ಎಡಕ್ಕೆ ವಾಲಿದ್ದವು. ಕಲೀಚಾ ಎಡಚರು. ಶಾರ್ಶೆನ್‌ನ ಮನೆಯಲ್ಲಿ ಬೇರಾರೂ ಎಡಗೈಯಲ್ಲಿ ಸೂಜಿ ಹಿಡಿದವರಿರಲಿಲ್ಲ. ಹಾಸು ಕೈಬಿಟ್ಟು ಹೋಗಿದ್ದು ಅವರಿಗೆ ಗೊತ್ತಿತ್ತು. ಅದರ ಮೇಲಿನ ತಮ್ಮ ಹೆಸರೂ ಹೋಗಿದೆ ಎಂಬುದು ಆಗಲೇ ತಿಳಿದದ್ದು. ಅದೂ ಯಾರ ನಾಲಿಗೆಗೆ ಹೆದರಿ ಮನೆ ಬಿಟ್ಟರೋ ಆ ಅತ್ತೆಯ ಹೆಸರಿಗೆ!

ಅವರು ತಿರುಪನ್ನು ಕೊನೆಯವರೆಗೂ ಏರಿಸಿದರು. ಧಾರೆ ಬಡಿದ ಕಡೆ ಸಿಮೆಂಟಿನ ಪಾಚಿ ಸುಲಿದು ಬಂತು. ಆ ರಭಸಕ್ಕೆ ಶಿರ್ದಾಕ್ ಚಿಂದಿಯಾಗಲು ಹೆಚ್ಚು ಹೊತ್ತು ಬೇಡ. ಯಾರೂ ಕೇಳುವಂತಿಲ್ಲ, ಜೋರಾಗಿ ಬಿಡಿ ಅಂದವಳು ಮನೆಯವಳೇ ತಾನೇ?

"ಕೈ ಎತ್ತಿದ್ದೆ," ಎನ್ನುತ್ತಾರೆ ಕಲೀಚಾ. "ಆಮೇಲೆ ಅನ್ನಿಸ್ತು, ನಾನು ಮಾಡ್ದೆ ಅನ್ನೋಕೆ ಈ ಭೂಮಿ ಮೇಲೆ ಇರೋದು ಇದೊಂದೇ ಸಾಕ್ಷಿ. ಇದನ್ನೂ ಹರಿದ್ಹಾಕಿದ್ರೆ ನನಗೆ ಏನುಳೀತು?"

ತಿರುಪು ಇಳಿಯಿತು. ಕೊಳವೆಯ ಮೂತಿ ತಿರುಗಿಸಿ ಧಾರೆಯನ್ನು ಬೀಸಣಿಗೆಯಷ್ಟು ಅಗಲ ಮಾಡಿದರು. ಬೂಟಿಗೆ ಹಿಡಿದರೆ ನೀರು ಬಿದ್ದದ್ದೂ ಗೊತ್ತಾಗದಷ್ಟು ಮೆದು. ದೂರ ನಿಂತು, ಹೊಲಿಗೆಯ ಜಾಡಿನಲ್ಲೇ, ಕತ್ತಲಾಗುವವರೆಗೆ ತೊಳೆದರು. ಕಂದು ನೀರು ಹೋಗಿ ಉಣ್ಣೆಯ ಕೆಂಪು ಬಣ್ಣ ಮೇಲೆದ್ದಾಗ ಒಬ್ಬರೇ ನಿಂತು ಅತ್ತರು.

ಒಣಗಿದ ಮೇಲೆ ಒಯ್ಯಲು ಬಂದ ಜಿಪಾರ್ ಬಾಯಿ ಬಿಟ್ಟು ನಿಂತಳು. "ಅಯ್ಯೋ, ಇದು ನಮ್ದೇನಾ? ಅಜ್ಜಿ ಕೈಕೆಲಸ ನೋಡಿ ಅಕ್ಕ!"

"ನೋಡ್ದೆ. ಹೊಲಿಗೆ ಯಾವ ಕಡೆ ವಾಲಿದೆ ನೀನೂ ನೋಡು ತಂಗಿ. ಎಡಗೈಯವರು ಹೊಲಿದ್ರೇ ಹಂಗಾಗೋದು. ನಿಮ್ಮ ಅಜ್ಜಿದು ಬಲಗೈ, ನಂಗೊತ್ತು. ನಾನು ಆ ಮನೇಲಿ ಸೊಸೆಯಾಗಿ ಇದ್ದವಳು."

ಜಿಪಾರ್ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಕಲೀಚಾರ ಕೈ ನೋಡಿದಳು. ಹಾಸಿನ ಸುರುಳಿಗೆ ಹಗ್ಗ ಬಿಗಿಯುತ್ತಿದ್ದದ್ದು ಎಡಗೈ. ಮೆಲ್ಲಗೆ ಹೇಳಿದಳು, "ಹಬ್ಬದ ದಿನ ಬನ್ನಿ ಅಕ್ಕ. ಬಾಗಿಲಿಗೆ ಎದುರು, ಹಿರಿಯರು ಕೂರೋ ಮೇಲಿನ ಜಾಗದಲ್ಲಿ, ಇದರ ಮೇಲೇ ಕೂರಿಸ್ತೀನಿ."

"ಯಾರು ಅಂತ ಹೇಳಿ ಕೂರಿಸ್ತೀಯ?"

ಹುಡುಗಿ ಹಾಸನ್ನು ತಬ್ಬಿಕೊಂಡು ಗಾಡಿಯವರೆಗೆ ತಾನೇ ಹೊತ್ತಳು, ಎಸೆನ್‌ಗೆ ಮುಟ್ಟಲೂ ಕೊಡಲಿಲ್ಲ.

ಹಬ್ಬಕ್ಕೆ ಹೋಗುತ್ತೀರಾ ಎಂದು ಕೇಳಿದರೆ ಕಲೀಚಾ ಇಲ್ಲವೆಂದು ತಲೆಯಾಡಿಸುತ್ತಾರೆ. ಪಂಪಿನತ್ತ ಬಗ್ಗುತ್ತಾ ಹೇಳುತ್ತಾರೆ: "ಹೋಗಲ್ಲ. ಆದ್ರೆ ಅಷ್ಟು ಜನ ನೆಂಟರ ಮಧ್ಯೆ ಚಹಾ ಕೊಡೋವಾಗ, ಯಾರ ಕೆಲಸದ ಮೇಲೆ ಕಾಲಿಡ್ತಿದೀನಿ ಅಂತ ಆ ಹುಡುಗಿ ಒಬ್ಬಳಿಗಾದ್ರೂ ಗೊತ್ತಿರುತ್ತೆ."