ಸಾಹೇಬರ ಕುರ್ಚಿಯ ಎದುರು

ಹಗ್ಗದ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗುಸುಗುಸು ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷ ದುಡಿದರೂ ಅವಳ ದನಿ ಪಕ್ಕದವಳನ್ನು ದಾಟಿ ಹೋಗಿರಲಿಲ್ಲ. ಮೇಸ್ತ್ರಿ ರೇಗಿದರೆ ಕತ್ತು ಬಗ್ಗಿಸುವಳು. ಗಂಡ ರೇಗಿದರೂ ಅಷ್ಟೇ.

ಹೊಸೆಯುವ ಯಂತ್ರದ ಅಡಿಗೆ ನುಗ್ಗಿ ಸಿಕ್ಕಿಕೊಂಡ ನಾರು ಕೀಳುವವಳು ಮೊದಲು ತನ್ನ ಟವೆಲನ್ನು ಸ್ವಿಚ್ಚಿನ ಮೇಲೆ ನೇತುಹಾಕಬೇಕು. ಅದು ಅಲ್ಲಿರುವತನಕ ಯಾರೂ ಸ್ವಿಚ್ ಮುಟ್ಟುವಂತಿಲ್ಲ. ಬೀಗವಿಲ್ಲದ ಆ ಶೆಡ್ಡಿನಲ್ಲಿ ಹೆಂಗಸರೇ ಮಾಡಿಕೊಂಡ ಕಟ್ಟಳೆ ಅದು. ಒಂದು ಮಧ್ಯಾಹ್ನ, ಅದೇ ಶೆಡ್ಡಿನಲ್ಲಿ ದುಡಿಯುತ್ತಿದ್ದ ದೊಡ್ಡಕ್ಕನ ತಂಗಿ ಯಂತ್ರದಡಿ ಸಿಕ್ಕಿ ಸತ್ತಳು. ಟವೆಲ್ ಹಾಕುವುದನ್ನೇ ಮರೆತಿದ್ದಳು ಎಂದ ಮೇಸ್ತ್ರಿ. ಸ್ವಿಚ್ ಒತ್ತಿದ್ದ ಗುಸುಗುಸು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಅಂದಿನಿಂದ ಯಂತ್ರ ಶುರುವಾದಾಗಲೆಲ್ಲ ಗುಸುಗುಸುವಿಗೆ ಅದರಡಿ ಎರಡು ಪಾದ ಕಾಣುತ್ತಿದ್ದವು. ಮನೆಯಲ್ಲಿ ಮಂಚದ ಕೆಳಗಿಂದ ಚಪ್ಪಲಿ ಎಳೆದುಕೊಳ್ಳಲೂ ಅವಳಿಗೆ ಕೈ ಬಾರದು.

ಸಾವಿನ ವಿಚಾರಣೆಗೆ ಸರ್ಕಾರದ ಸಾಹೇಬರು ಬರುವ ಸುದ್ದಿ ತಿಳಿದು ಟೈಲರಮ್ಮ ಅವಳನ್ನು ಕರೆಸಿದಳು. ದುಡಿಯುವ ಹೆಂಗಸರು ಬುಧವಾರ ಸಂಜೆ ಟೈಲರಮ್ಮನ ಅಂಗಡಿಯಲ್ಲಿ ಸೇರುತ್ತಿದ್ದರು. ಒಬ್ಬಳು ಸಾಹೇಬರಂತೆ ಕುರ್ಚಿಯಲ್ಲಿ ಕೂರುವಳು. ಇನ್ನೊಬ್ಬಳು ಎದುರು ನಿಂತು ಮಾತಾಡಿ ರೂಢಿ ಮಾಡಿಕೊಳ್ಳುವಳು. ಬಾಗಿಲಲ್ಲಿ ನಿಂತವಳಿಗೆ ಕೇಳಿಸದಿದ್ದರೆ ಮತ್ತೆ ಮೊದಲಿನಿಂದ. ಹೀಗೆ ಕಲಿತು ಒಬ್ಬಳು ಆಸ್ಪತ್ರೆಯಲ್ಲಿ ಡಾಕ್ಟರನ್ನೇ ದಬಾಯಿಸಿ ಬಂದಿದ್ದಳು.

ಮೂರು ಬುಧವಾರ ಗುಸುಗುಸುವಿನ ದನಿ ಹೊಲಿಗೆ ಯಂತ್ರದವರೆಗೂ ಹೋಗಲಿಲ್ಲ.

“ಏನೇ, ಮಾತು ಹೊಟ್ಟೇಲೇ ಮನೆ ಮಾಡ್ಕೊಂಡಿದ್ಯಾ? ಖಾಲಿ ಮಾಡ್ಸೇ!” ಎಂದಳು ಬಾಗಿಲಲ್ಲಿದ್ದವಳು. ಎಲ್ಲರೂ ನಕ್ಕರು.

ನಾಲ್ಕನೆಯ ಬುಧವಾರ, ವಿಚಾರಣೆಯ ಹಿಂದಿನ ದಿನ, ಕುರ್ಚಿಯಲ್ಲಿ ದೊಡ್ಡಕ್ಕ ಕೂತಳು.

“ಹೇಳಮ್ಮ, ಅವತ್ತು ಏನಾಯ್ತು?”

“ಟವೆಲ್ ಇತ್ತು, ಸಾರ್.”

“ಜೋರಾಗಿ!” ಬಾಗಿಲಿನಿಂದ.

“ಟವೆಲ್ ಇತ್ತು! ಅವಳು ಮರೆತಿರ್ಲಿಲ್ಲ. ಎಲ್ರದ್ದೂ ಒಂದೇ ಥರ ಟವೆಲ್. ನಂದೇ ಅನ್ಕೊಂಡು ತಗೊಂಡು ಮುಖ ಒರೆಸ್ಕೊಂಡೆ. ಮೇಸ್ತ್ರಿ ‘ಸ್ವಿಚ್ ಹಾಕು’ ಅಂದ. ಹಾಕ್ಬಿಟ್ಟೆ.”

ಯಾರೂ ನಗಲಿಲ್ಲ. ಟೈಲರಮ್ಮ ಪೆಡಲ್ ಮೇಲಿಂದ ಕಾಲು ತೆಗೆದಳು. ದೊಡ್ಡಕ್ಕ ಎದ್ದು ಬಂದು ಹೊಡೆಯುತ್ತಾಳೆ ಎಂದು ಗುಸುಗುಸು ಕಾದಳು. ಹೊಡೆದರೆ ಸಾಕು ಎಂದೂ ಅನ್ನಿಸಿತು.

ದೊಡ್ಡಕ್ಕ ಕುರ್ಚಿ ಬಿಡದೆ ಸಾಹೇಬರ ದನಿಯಲ್ಲೇ ಕೇಳಿದಳು: “ಸ್ವಿಚ್ಚಿಗೆ ಬೀಗ ಇತ್ತಾ?”

“ಇಲ್ಲ, ಸಾರ್.”

“ಬೇಕು ಅಂತ ಯಾರಾದ್ರೂ ಕೇಳಿದ್ರಾ?”

“ಅವಳೇ ಕೇಳಿದ್ಲು. ಎರಡು ಸಲ. ಮೇಸ್ತ್ರಿ ನಕ್ಕ. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡ್ಲಿಲ್ಲ.”

“ಅದನ್ನೂ ನಾಳೆ ಹೇಳು. ಒಂದನ್ನೂ ಬಿಡ್ಬೇಡ.” ದೊಡ್ಡಕ್ಕ ಅವಳ ಮುಖ ನೋಡದೆ ಹೊರಟುಹೋದಳು.

ಮರುದಿನ ಸಾಹೇಬರು ಗುಸುಗುಸುವಿಗೆ ಯಾವ ಪ್ರಶ್ನೆಯನ್ನೂ ಎರಡನೆಯ ಸಲ ಕೇಳಬೇಕಾಗಲಿಲ್ಲ. ಮೇಸ್ತ್ರಿ ಬೆವರು ಒರೆಸಿಕೊಂಡ. ಶೆಡ್ಡಿನ ಕೊನೆಯಲ್ಲಿ ದೊಡ್ಡಕ್ಕ ಗೋಡೆಗೆ ಮುಖಮಾಡಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಸಂಜೆ ಗುಸುಗುಸು, ದೊಡ್ಡಕ್ಕ ಇಬ್ಬರೂ ಒಂದೇ ದಾರಿಯಲ್ಲಿ ನಡೆದರು, ನಡುವೆ ಹತ್ತು ಮಾರು ಬಿಟ್ಟು. ಮುಂದಿದ್ದ ದೊಡ್ಡಕ್ಕ ನಿಲ್ಲಲೂ ಇಲ್ಲ, ಬಿಟ್ಟು ಹೋಗಲೂ ಇಲ್ಲ.