ಹೈಡ್ರೋಸ್ ಮತ್ತು ನೀಲಿ ಅಂಚಿನ ಪಂಚೆ

ಇವತ್ತು ಬೆಳಿಗ್ಗೆ ನನ್ನ ಬಿಳಿ ಅಂಗಿ ವಾಷಿಂಗ್ ಮೆಷಿನ್ನಿನಿಂದ ಗುಲಾಬಿಯಾಗಿ ಹೊರಬಂತು. ಹೆಂಡತಿಯ ಹೊಸ ರವಿಕೆಯ ಕೃಪೆ. ಬಟ್ಟೆಯ ಬಣ್ಣ ತೆಗೆಯುವ ಹೈಡ್ರೋಸ್ ಪುಡಿಗೆಂದು ಅರಸೀಕೆರೆಯ ಬಣ್ಣದ ಅಂಗಡಿಗೆ ಹೋದೆ. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆಗತಾನೆ ಗೀಚಿದ ಬೆಂಕಿಕಡ್ಡಿಯ ಘಾಟು ಮೂಗಿಗೆ ಬಡಿಯಿತು. ನೀವೂ ಒಮ್ಮೆ ಮೂಸಿದ್ದರೆ ಮರೆಯಲಾರಿರಿ. ನಾನಂತೂ ನಿಂತಲ್ಲಿಂದಲೇ ಹಳೇಬೀಡಿಗೆ ಹೋಗಿಬಿಟ್ಟೆ.

ಎಷ್ಟೋ ವರ್ಷಗಳ ಹಿಂದೆ ಅಲ್ಲಿ ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಬಸದಿಯ ಹತ್ತಿರ, ತೆಂಗಿನಕಾಯಿ ವ್ಯಾಪಾರದ ಶಾಂತರಾಜಯ್ಯನವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ವರ್ಷಕ್ಕೊಮ್ಮೆ ಬಸದಿಯ ಅಭಿಷೇಕದ ಸರದಿ ಅವರದು. ಆ ದಿನಕ್ಕೆಂದೇ ಒಂದು ಬಿಳಿ ಪಂಚೆಯಿತ್ತು, ಬೆರಳಗಲದ ನೀಲಿ ಅಂಚಿನದು, ತೀರಿಹೋದ ತಾಯಿ ಕೊಡಿಸಿದ್ದು. ಆ ವರ್ಷ ಅಭಿಷೇಕದ ಹಿಂದಿನ ದಿನ ಬೆಳಿಗ್ಗೆ ಅದನ್ನು ಒಗೆದು ಹರವಿದ್ದರು. ನಾನೋ, ಅದರ ಮೇಲಿನ ತಂತಿಗೆ ನನ್ನ ಹೊಸ ಕೆಂಪು ಟವೆಲನ್ನು ಹಿಂಡದೆ ಹಾಕಿ ಬಂದಿದ್ದೆ.

ಪಂಚೆಯ ತುಂಬ ಗುಲಾಬಿ ಹನಿ. ಶಾಂತರಾಜಯ್ಯ ಬೈಯಲಿಲ್ಲ, ಪಂಚೆಯನ್ನು ಬೆಳಕಿಗೆ ಹಿಡಿದು ಒಂದೊಂದೇ ಹನಿಯನ್ನು ಉಗುರಿನಿಂದ ಕೆರೆದು ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಕೆಮಿಸ್ಟ್ರಿ ಓದಿದೋನು ನಾನು, ಸಂಜೆಯೊಳಗೆ ಬೆಳ್ಳಗೆ ಮಾಡಿಕೊಡ್ತೀನಿ” ಎಂದು ಜಂಬ ಕೊಚ್ಚಿ ಅರಸೀಕೆರೆ ಬಸ್ ಹತ್ತಿದೆ.

ಆಗ ಈ ಅಂಗಡಿಯಲ್ಲಿದ್ದ ಸಾಬರು ಪುಡಿ ಕಟ್ಟುತ್ತಾ ಹೇಳಿದರು: “ನೀರಿಗೆ ಪುಡಿ ಹಾಕಿ ಮೇಷ್ಟ್ರೇ, ಪುಡಿಗೆ ನೀರು ಸೋಕಿಸ್ಬೇಡಿ, ಬಿಸಿಯಾಗಿ ಹೊತ್ಕೊಂಡ್ಬಿಡ್ತದೆ. ಬಯಲಲ್ಲಿ ಮಾಡಿ, ಘಾಟು ಎದೆಗೆ ಇಳೀಬಾರ್ದು. ಆಮೇಲೆ ನೀಲಿ ಅಂಚಿದೆ ಅಂದ್ರಲ್ಲ, ಅದು...”

“ಗೊತ್ತು ಬಿಡಿ ಸಾಬ್ರೇ, ಇದನ್ನೇ ಪಾಠ ಮಾಡೋನು ನಾನು” ಎಂದು ಪೊಟ್ಟಣ ತೆಗೆದುಕೊಂಡು ಎದ್ದು ಹೊರಟೆ.

ಹಿತ್ತಿಲಲ್ಲಿ ಬಕೆಟ್ಟು, ಬಿಸಿನೀರು, ವಾಷಿಂಗ್ ಸೋಡ, ಕೊನೆಗೆ ಪುಡಿ. ಗುಲಾಬಿ ಹನಿಗಳು ಕಣ್ಣೆದುರೇ ಮಾಯ! ಗೆದ್ದೆ ಅನ್ನುವಷ್ಟರಲ್ಲಿ ಅಂಚು ಕಂಡಿತು. ನೀಲಿ ಹೋಗಿ ಪೇಲವ ಹಳದಿಯಾಗಿತ್ತು. ಶಾಂತರಾಜಯ್ಯನವರ ಹೆಂಡತಿ ಪದ್ಮಾವತಮ್ಮ ಇಣುಕಿ ನೋಡಿ, “ನಮ್ಮಲ್ಲಿ ಅಂಚಿಲ್ಲದ ಬಿಳಿ ಉಡೋದು ಸಂಸಾರ ಬಿಟ್ಟ ಬ್ರಹ್ಮಚಾರಿಗಳು. ನಮ್ಮ ಯಜಮಾನ್ರಿಗೆ ದೀಕ್ಷೆ ಕೊಟ್ಬಿಟ್ರಾ ಮೇಷ್ಟ್ರೇ?” ಎಂದು ನಕ್ಕರು. ನನಗೆ ಅಳುವೇ ಬಂತು. ತಾಯಿ ಕೊಟ್ಟದ್ದನ್ನು ಹಾಳು ಮಾಡಿದ್ದೆನಲ್ಲ.

ಜಾಲಿಸಿ ತಂತಿಗೆ ಹಾಕಿ, ಜಗಲಿಯಲ್ಲಿ ತಲೆ ತಗ್ಗಿಸಿ ಕೂತೆ. ಸ್ವಲ್ಪ ಹೊತ್ತಿಗೆ ಶಾಂತರಾಜಯ್ಯ ಕೂಗಿದರು: “ಮೇಷ್ಟ್ರೇ, ಬನ್ನಿ ಇಲ್ಲಿ!”

ಹಳದಿ ಅಂಚು ಗಾಳಿಗೆ ಹಸಿರಾಗಿ, ಹಸಿರು ನೀಲಿಯಾಗುತ್ತಿತ್ತು. ಟವೆಲಿನ ಬಣ್ಣವನ್ನು ಮುರಿದೇ ಹಾಕಿದ ಪುಡಿ, ಅಂಚಿನ ನೀಲಿಯನ್ನು ಬರೀ ಅಡಗಿಸಿಟ್ಟಿತ್ತು. ಗಾಳಿಯ ಆಮ್ಲಜನಕ ಅದನ್ನು ವಾಪಸ್ಸು ಕರೆಯಿತು. ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತಿದ್ದ ಅಪಕರ್ಷಣೆ, ಉತ್ಕರ್ಷಣೆಗಳನ್ನು ನಾನು ಕಣ್ಣಾರೆ ಕಂಡದ್ದು ಅಂದೇ. “ದೀಕ್ಷೆ ತಪ್ತು, ಸಂಸಾರಕ್ಕೆ ವಾಪಸ್ ಬಂದ್ರು” ಎಂದರು ಪದ್ಮಾವತಮ್ಮ. ಮರುದಿನ ಶಾಂತರಾಜಯ್ಯ ಅದನ್ನೇ ಉಟ್ಟು ಅಭಿಷೇಕ ಮಾಡಿದರು. ಅಂಚು ಒಂದಿಷ್ಟು ಮಸುಕಾಗಿತ್ತು, ಅಷ್ಟೇ.

ಸಾಬರು ಈಗಿಲ್ಲ, ಅಂಗಡಿ ಮಗಳದು. ಪೊಟ್ಟಣ ಕೊಡುತ್ತಾ ಅವಳು, “ಬಳಸೋದು ಹೇಗೇಂತ ನಿಮಗೆ ಗೊತ್ತಿರುತ್ತೆ ಅಲ್ವಾ ಸಾರ್?” ಎಂದಳು.

“ಇಲ್ಲಮ್ಮ, ಪೂರ್ತಿ ಹೇಳು” ಎಂದೆ. “ನಿಮ್ಮಪ್ಪ ಹೇಳ್ತಿದ್ದಾಗ ಅರ್ಧಕ್ಕೇ ಎದ್ದು ಹೋಗಿದ್ದೆ.”